ಪದ ಓದಬೇಡಿ, ಬಣ್ಣ ಹೇಳಿ
ಈ ಪ್ರಯೋಗಕ್ಕೆ ಎರಡು ಹಾಳೆ, ನಾಲ್ಕು ಬಣ್ಣದ ಪೆನ್ನು, ಒಂದು ಸ್ಟಾಪ್‌ವಾಚ್ ಸಾಕು. ಮೊದಲ ಹಾಳೆಯಲ್ಲಿ ಕೆಂಪು, ಹಸಿರು, ನೀಲಿ, ಕಪ್ಪು ಬಣ್ಣದ 40 ಚೌಕಗಳು. ಎರಡನೆಯದರಲ್ಲಿ ಇದೇ ಬಣ್ಣಗಳ ಹೆಸರು 40 ಸಲ, ಆದರೆ ಪ್ರತಿ ಪದವೂ ಬೇರೆ ಶಾಯಿಯಲ್ಲಿ: 'ನೀಲಿ' ಎಂಬುದು ಕೆಂಪಿನಲ್ಲಿ. ಹೇಳಬೇಕಾದ್ದು ಶಾಯಿಯ ಬಣ್ಣ. 1935ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ ದಾಖಲಿಸಿದ ಸರಾಸರಿ: 100 ಚೌಕಗಳಿಗೆ 63 ಸೆಕೆಂಡ್, 100 ಪದಗಳಿಗೆ 110. ಓದು ಅಷ್ಟು ರೂಢಿಯಾಗಿದೆ, ತಡೆದರೂ ನಿಲ್ಲದು!

ಪ್ರಯೋಗ ಕೆಡುವುದು ಹೆಚ್ಚಾಗಿ ಕ್ರಮದಿಂದ. ಎಲ್ಲರಿಗೂ ಚೌಕಗಳನ್ನೇ ಮೊದಲು ಕೊಟ್ಟರೆ ಅಭ್ಯಾಸ, ದಣಿವು ಎರಡೂ ಲೆಕ್ಕದೊಳಗೆ ನುಸುಳುತ್ತವೆ. ಅರ್ಧ ಜನರಿಗೆ ತಿರುವುಮುರುವು ಮಾಡಿ. ಕಣ್ಣು ಕಿರಿದಾಗಿಸಿ ಅಕ್ಷರ ಮಸುಕು ಮಾಡಿಕೊಳ್ಳುವವರೂ ಇರುತ್ತಾರೆ, ಗಮನಿಸಿ. ತಪ್ಪಿದರೆ ಸರಿಪಡಿಸಿಕೊಂಡೇ ಮುಂದುವರಿಯಲಿ. ಬಣ್ಣಗುರುಡು ಇದ್ದವರ ಸಮಯ ಸೇರಿಸಬೇಡಿ.