ಸೂಜಿ, ದಾರ, ಕುಂಕುಮ ಮತ್ತು ಶೀಲಾ ಗೌಡ

ಹೊಲಿಗೆ ಗೊತ್ತಿರುವವರು ಸೂಜಿಗೆ ತೋಳುದ್ದಕ್ಕಿಂತ ಜಾಸ್ತಿ ದಾರ ಪೋಣಿಸುವುದಿಲ್ಲ. ಪೋಣಿಸಿದರೆ ಸಿಕ್ಕಾಗುತ್ತದೆ, ಗಂಟು ಬೀಳುತ್ತದೆ, ಆಮೇಲೆ ಬಿಡಿಸುತ್ತಾ ಕೂತಿರಬೇಕು. ಕಲಾವಿದೆ ಶೀಲಾ ಗೌಡ ಮಾತ್ರ 100 ಮೀಟರಿಗೂ ಉದ್ದದ ದಾರವನ್ನು ಸೂಜಿಯ ಕಣ್ಣಿನಲ್ಲಿ ಎಳೆದರು. ಅದೂ ಒಂದೇ ಸೂಜಿಗಲ್ಲ, ಹತ್ತಾರು ಸೂಜಿಗಳಿಗೆ. ಆ ಎಳೆಗಳನ್ನೆಲ್ಲ ಸೇರಿಸಿ, ಕುಂಕುಮ ಕಲಸಿದ ಗೋಂದು ಸವರಿ, ದಪ್ಪ ಹಗ್ಗ ಮಾಡಿದರು. ಸೂಜಿಗಳನ್ನು ತೆಗೆಯಲೇ ಇಲ್ಲ. ಅವು ಹಗ್ಗದ ತುದಿಯಲ್ಲಿ ಗೊಂಚಲಾಗಿ ಹಾಗೇ ನೇತಾಡುತ್ತವೆ.

1998ರಲ್ಲಿ ಶುರುವಾದ ಈ ಕೃತಿಯ ಹೆಸರು 'ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್', ಅಂದರೆ 'ಅವನಿಗೆ ನನ್ನ ನೋವನ್ನೂ ಹೇಳು'. ಕೋಣೆಯ ಗೋಡೆಗೂ ನೆಲಕ್ಕೂ ಸುತ್ತಿಕೊಂಡು ಬಿದ್ದಿರುವ ಕೆಂಪು ಹಗ್ಗ, ಅಷ್ಟೇ. ಮೊದಲು ಕಣ್ಣಿಗೆ ಬೀಳುವುದು ದೇವರ ಮನೆಯ ಕೆಂಪು. ಸ್ವಲ್ಪ ಹೊತ್ತು ನೋಡಿದರೆ ಅದೇ ಕರುಳಿನ ಹಾಗೆ ಕಾಣಿಸತೊಡಗುತ್ತದೆ.

ಶೀಲಾ ಹುಟ್ಟಿದ್ದು 1957ರಲ್ಲಿ, ನಮ್ಮ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೇಂಟಿಂಗ್ ಕಲಿತವರು. ತೊಂಬತ್ತರ ದಶಕದಲ್ಲಿ, ದೇಶದಲ್ಲಿ ಕೋಮು ಗಲಭೆಗಳು ಹೊತ್ತಿಕೊಂಡಿದ್ದಾಗ, ಬಣ್ಣ ಬಿಟ್ಟು ಸಗಣಿಗೆ ಕೈ ಹಾಕಿದರು. ಅಂಗಳ ಸಾರಿಸುವ, ಬೆರಣಿ ತಟ್ಟುವ ಅದೇ ಸಗಣಿ. ಅದನ್ನು ತಟ್ಟುವ ಕೈ ಯಾರದು ಅಂತ ಬೇರೆ ಹೇಳಬೇಕಾ?

ಮನೆಯ ಸಾಮಾನಿನಿಂದಲೇ ಮಾಡುವ ಈ ಥರದ ಕಲೆ ಎಲ್ಲವೂ ನನಗೆ ಇಷ್ಟವಾಗುತ್ತದೆ ಅಂತಲ್ಲ. ಸುಮ್ನೆ ನಾಲ್ಕು ಪಾತ್ರೆ, ಒಂದು ಲಟ್ಟಣಿಗೆ ತಂದಿಟ್ಟು ಪ್ರತಿಭಟನೆ ಅಂದರೆ ಮೈಗೆ ಹತ್ತುವುದಿಲ್ಲ. ಬಾಂಗ್ಲಾದೇಶದ ಕಲಾವಿದೆ ತಯೇಬಾ ಬೇಗಂ ಲಿಪಿ ಶೇವಿಂಗ್ ಬ್ಲೇಡ್ ಆಕಾರದ ಸ್ಟೀಲ್ ತುಂಡುಗಳಿಂದ ಮಂಚ ಮಾಡಿದ್ದಾರೆ, ಒಳ ಉಡುಪು ಮಾಡಿದ್ದಾರೆ. ಚಿಕ್ಕವರಿದ್ದಾಗ ಊರಲ್ಲಿ ಹೆರಿಗೆಗೆ ಬ್ಲೇಡ್ ಬಳಸುತ್ತಿದ್ದುದನ್ನು ಕಂಡವರು ಅವರು. ಆ ಮಂಚ ನೋಡಿದ ತಕ್ಷಣ ಮೈ ಜುಮ್ ಅನ್ನುತ್ತದೆ, ವಿವರಣೆಯೇ ಬೇಡ. ಶೀಲಾ ಅವರ ಹಗ್ಗ ಹಾಗೆ ಕೂಗುವುದಿಲ್ಲ. ಅದರಲ್ಲಿ ಕಾಣುವುದು ಎಳೆದ ದಾರ, ಅಂದರೆ ಕೂತು ಮಾಡಿದ ಕೆಲಸ, ಮತ್ತೆ ಮತ್ತೆ ಅದೇ ಕೆಲಸ, ಬೆರಳು ನೋಯುವವರೆಗೆ. ನನಗೆ ಇದೇ ಜಾಸ್ತಿ ತಾಗುತ್ತದೆ.

ಯಾಕೆಂದರೆ ಮನೆಗೆಲಸದ ಗುಣವೇ ಅದು, ಮಾಡಿದ್ದು ಕಾಣುವುದಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅದೂ ಆ ಕೆಲಸ ಮಾಡುವ ಗಂಡಸರ ಸರಾಸರಿ ಮಾತ್ರ. ಅಂಥವರು ನೂರಕ್ಕೆ ಸುಮಾರು 26 ಜನ!

ಇಂಥ ಕಲೆ ತೋರಿಸಿದರೆ "ಇದರಲ್ಲೇನಿದೆ, ನಮ್ಮನೇಲೂ ಮಾಡ್ತಾರೆ ಬಿಡಿ" ಅನ್ನುವವರು ಇದ್ದೇ ಇರುತ್ತಾರೆ. ಮಾಡ್ತಾರೆ ಸ್ವಾಮಿ, ಅದನ್ನೇ ತಾನೇ ಈ ಕಲಾವಿದೆಯರು ಹೇಳ್ತಿರೋದು?