ಮೂಗಿನಿಂದ ಕಣ್ಣಿಗೆ ಐದು ಬೆರಳು

ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ ಫೋಟೋಗಳೇ ಮುಖ್ಯ ಕೆಲಸ. ಜೋರು ಮಳೆಯ ತಿಂಗಳುಗಳಲ್ಲಿ ಮದುವೆ ಕಡಿಮೆ. ಆ ಬಿಡುವಿನಲ್ಲಿ ಕೆಲವು ವರ್ಷಗಳ ಹಿಂದೆ ನಾಯಿಗಳ ಫೋಟೋ ತೆಗೆಯಲು ಶುರು ಮಾಡಿದೆ. ಇಲ್ಲಿ ತೋಟದ ಮನೆ ಅಂದ ಮೇಲೆ ಗೇಟಿನ ಹತ್ತಿರ ಒಂದು ನಾಯಿ ಇದ್ದೇ ಇರುತ್ತದೆ ಅಲ್ವಾ?

ಮೊದಲ ಕೆಲಸ ಸಿಕ್ಕಿದ್ದು ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ. ನಾಯಿಯ ಹೆಸರು ಬ್ರೂನೋ. ಹನ್ನೆರಡು ವರ್ಷದ ಕಪ್ಪು ಲ್ಯಾಬ್ರಡಾರ್. ಒಂದು ಕಣ್ಣಿಗೆ ಪೊರೆ ಬಂದು ಹಾಲು ಬಿದ್ದ ಹಾಗೆ ಕಾಣುತ್ತಿತ್ತು. "ಇವನು ನನ್ನನ್ನು ನೋಡುವ ನೋಟ ಒಂದು ಉಳಿದರೆ ಸಾಕು ಮಗ" ಅಂದರು ಮನೆಯ ಆಂಟಿ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಹಿಂದಿನ ಕಾಫಿ ಗಿಡಗಳು ಮಸುಕಾಗಿ ಪೂರ್ತಿ ಕರಗಿ ಹೋಗಬೇಕು. ಮಳೆಗೆ ನೆನೆದ ರೊಬಸ್ಟಾ ಎಲೆ ಗೊತ್ತಲ್ಲ, ಅಂಗೈಗಿಂತ ದೊಡ್ಡದು, ಕನ್ನಡಿಯ ಹಾಗೆ ಹೊಳೆಯುತ್ತದೆ. ಬ್ರೂನೋನನ್ನು ಆ ಗಿಡಗಳಿಂದ ಒಂದಡಿ ಮುಂದೆ ಕೂರಿಸಿದೆ. 85 ಎಂಎಂ ಲೆನ್ಸ್ ಹಾಕಿ, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಪೂರ್ತಿ ತೆರೆದು ಎಫ್ 1.8ಕ್ಕೆ ಇಟ್ಟು, ಒಂದೂವರೆ ಮೀಟರ್ ದೂರದಿಂದ ತೆಗೆದೆ. ಎಫ್ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು, ಹಿನ್ನೆಲೆ ಹೆಚ್ಚು ಮಸುಕು. ಯಾವ ಜಾಗ ಸ್ಪಷ್ಟವಾಗಿ ಬರಬೇಕು ಎನ್ನುವ ಫೋಕಸ್ ಪಾಯಿಂಟ್ ಆರಿಸುವುದನ್ನು ಕ್ಯಾಮೆರಾಗೇ ಬಿಟ್ಟಿದ್ದೆ. ಹಿಂದಿನ ಸ್ಕ್ರೀನಿನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು.

12x18 ಇಂಚಿನ ಪ್ರಿಂಟ್ ತೆಗೆದುಕೊಂಡು ಹೋದೆ. ಆಂಟಿ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಫೋಟೋದ ಮೇಲೆ ಬೆರಳಿಟ್ಟರು. "ಮೂಗಿನ ಮೇಲಿನ ನೀರಿನ ಹನಿ ಕೂಡ ಕಾಣುತ್ತದೆ. ಕಣ್ಣೆಲ್ಲಿ ಮಗ?"

ನಿಜ. ಮೂಗಿನ ಒಂದೊಂದು ಗೆರೆ ಎದ್ದು ಕಾಣುತ್ತಿತ್ತು. ಎರಡೂ ಕಣ್ಣು ಮಂಜಿನೊಳಗೆ ಇದ್ದ ಹಾಗಿದ್ದವು. ಅವತ್ತು ತೆಗೆದ ಅರವತ್ತು ಚಿಲ್ಲರೆ ಫೋಟೋಗಳಲ್ಲೂ ಅದೇ ಕತೆ. ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಲ ಬರುತ್ತೇನೆ ಎಂದು ಹೇಳಿ ಬಂದೆ.

ಯಾಕೆ ಹೀಗಾಯಿತು ಎಂದು ರಾತ್ರಿ ಕೂತು ಲೆಕ್ಕ ಹಾಕಿದೆ. ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ, ಎಫ್ 1.8, ಒಂದೂವರೆ ಮೀಟರ್ ದೂರ ಅಂದರೆ ಚೆನ್ನಾಗಿ ಫೋಕಸ್ ಆಗುವ ಆಳ ಒಟ್ಟು ಸುಮಾರು 3 ಸೆಂಟಿಮೀಟರ್. ಫೋಕಸ್ ಕೂತ ಜಾಗದಿಂದ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ. ಲ್ಯಾಬ್ರಡಾರ್‌ನ ಮೂಗಿನ ತುದಿಯಿಂದ ಕಣ್ಣಿಗೆ ಇರುವುದು ಸುಮಾರು 9-10 ಸೆಂಟಿಮೀಟರ್. ಮನುಷ್ಯರ ಮುಖ ಚಪ್ಪಟೆ, ಅಲ್ಲಿ 1.8 ನಡೆಯುತ್ತದೆ. ಮದುಮಗಳ ಫೋಟೋ ತೆಗೆದ ಕೈಯಲ್ಲಿ ಹಾಗೇ ನಾಯಿಯನ್ನೂ ತೆಗೆದಿದ್ದೆ. ಅದೇ ತಪ್ಪು. ಇನ್ನು ಫೋಕಸ್. ಪಾಯಿಂಟ್ ಆರಿಸಲು ಬಿಟ್ಟರೆ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರದ, ಎದ್ದು ಕಾಣುವ ವಸ್ತುವನ್ನು ಹಿಡಿಯುತ್ತದೆ. ಕಪ್ಪು ನಾಯಿಯ ಮುಖದಲ್ಲಿ ಒದ್ದೆ ಮೂಗಿಗಿಂತ ಎದ್ದು ಕಾಣುವುದು ಬೇರೆ ಏನಿದೆ? ಕಣ್ಣಿನ ಸುತ್ತ ಬರೀ ಕಪ್ಪು ಕೂದಲು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಅವತ್ತೂ ಮೋಡ, ಹನಿ ಮಳೆ. ಈ ಸಲ ಬ್ರೂನೋನನ್ನು ಗಿಡಗಳ ಹತ್ತಿರ ಕೂರಿಸಲೇ ಇಲ್ಲ. ಕಾಫಿ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ಕಣ ಖಾಲಿ. ಅವನ ಹಿಂದೆ ಗಿಡಗಳಿಗೆ ಏಳು ಮೀಟರ್ ಜಾಗ ಸಿಕ್ಕಿತು. ನಾನು ಎರಡೂವರೆ ಮೀಟರ್ ದೂರ ಹೋಗಿ, ಗೋಣಿಚೀಲ ಹಾಸಿ, ಅವನ ಕಣ್ಣಿನ ಮಟ್ಟಕ್ಕೆ ಮಲಗಿದೆ. ಅಪರ್ಚರ್ ಎಫ್ 4. ಆಳ ಈಗ ಸುಮಾರು 20 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಕೂರಿಸಿದರೆ ಮುಂದಕ್ಕೆ 10 ಸೆಂಟಿಮೀಟರ್ ಸಿಗುತ್ತದೆ, ಮೂಗೂ ಅದರೊಳಗೆ ಬಂತು. ಚೌಕಟ್ಟಿನಲ್ಲಿ ತಲೆಯ ಜೊತೆ ಎದೆಯೂ ಬಂತು, ಅದು ಇನ್ನೂ ಚೆಂದ.

ನನಗೆ ತುಂಬಾ ಖುಷಿ ಕೊಟ್ಟದ್ದು ಹಿನ್ನೆಲೆ. ಎಫ್ 4ರಲ್ಲಿ ಎಲೆಗಳು ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಕರಗಿದ್ದವು! ಎಲೆ ಕರಗಲು ಅಪರ್ಚರ್ ತೆರೆಯುವುದೊಂದೇ ದಾರಿ ಎಂದು ನಾನು ತಿಳಿದಿದ್ದೆ. ನಾಯಿಗೂ ಗಿಡಕ್ಕೂ ನಡುವಿನ ದೂರ ಅದಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ. ಅಪರ್ಚರ್ ಅನ್ನು ನಾಯಿಯ ಮುಖಕ್ಕೆ ಬಿಡಿ, ಹಿನ್ನೆಲೆಯನ್ನು ದೂರಕ್ಕೆ ಬಿಡಿ.

ಬೆಳಕಿನ ಲೆಕ್ಕವೂ ಇದೆ. ಎಫ್ 1.8ರಿಂದ 4ಕ್ಕೆ ಬಂದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಶಟರ್ ವೇಗವನ್ನು ಸೆಕೆಂಡಿನ 1/500ಕ್ಕಿಂತ ಕೆಳಗೆ ಇಳಿಸುವ ಹಾಗಿರಲಿಲ್ಲ, ಯಾಕೆಂದರೆ ಏದುಸಿರು ಬಿಡುವ ನಾಯಿಯ ತಲೆ ಒಂದು ಕ್ಷಣವೂ ಸುಮ್ನೆ ನಿಲ್ಲುವುದಿಲ್ಲ. ಹಾಗಾಗಿ ಕಡಿಮೆ ಬೆಳಕಿನಲ್ಲೂ ಫೋಟೋ ಬೆಳಗಿಸುವ ಐಎಸ್‌ಒ ಅನ್ನು 3200ಕ್ಕೆ ಏರಿಸಿದೆ. ಪ್ರಿಂಟಿನಲ್ಲಿ ಸ್ವಲ್ಪ ಕಾಳು ಕಾಳಾಗಿ ಕಂಡರೆ ಯಾರೂ ಕೇಳುವುದಿಲ್ಲ, ಕಣ್ಣು ಮಸುಕಾದರೆ ಕೇಳುತ್ತಾರೆ.

ಫೋಕಸ್‌ಗೆ ಒಂದೇ ಪಾಯಿಂಟ್ ಇಟ್ಟು, ಅದನ್ನು ನನಗೆ ಹತ್ತಿರದ ಕಣ್ಣಿನ ಮೇಲೇ ಸರಿಸಿಕೊಂಡೆ. ನಡುವಿನ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸುವುದು ಮದುವೆ ಫೋಟೋದಲ್ಲಿ ನನ್ನ ಅಭ್ಯಾಸ. ಇಷ್ಟು ಹತ್ತಿರದಲ್ಲಿ ಆ ತಿರುಗಿಸುವಿಕೆಯೇ ಫೋಕಸನ್ನು ಕಣ್ಣಿನಿಂದ ಜಾರಿಸುತ್ತದೆ. ಕ್ಯಾಮೆರಾವನ್ನು ಬಿಡದೆ ಫೋಕಸ್ ಹಿಂಬಾಲಿಸುವ ಮೋಡ್‌ನಲ್ಲೂ ಇಟ್ಟಿದ್ದೆ. ಆಂಟಿ ನನ್ನ ಬೆನ್ನ ಹಿಂದೆ ಕೊಡೆ ಹಿಡಿದು, ಅಕ್ಕಿ ರೊಟ್ಟಿಯ ತುಂಡು ತೋರಿಸುತ್ತಾ ನಿಂತಿದ್ದರು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಚೆನ್ನಾಗಿರುವ ಕಣ್ಣಿನೊಳಗೆ ಬಿಳಿ ಆಕಾಶದ ಒಂದು ಚೂರು. ಅದರ ನಡುವೆ ಕೊಡೆಯ ಕಪ್ಪು ಅಂಚು, ಕೆಳಗೆ ಆಂಟಿಯ ಆಕಾರ. ದಟ್ಟ ಮರದ ನೆರಳಿನಲ್ಲಿ ಈ ಹೊಳಪು ಬರುವುದಿಲ್ಲ. ಕಣದ ಹಾಗೆ ತೆರೆದ ಜಾಗಕ್ಕೆ ನಾಯಿಯ ಮುಖ ಇರಬೇಕು.

ಅವತ್ತಿನಿಂದ ಯಾವ ನಾಯಿ ಸಿಕ್ಕಿದರೂ ಕ್ಯಾಮೆರಾ ತೆಗೆಯುವ ಮೊದಲು ಅದರ ಮುಖ ಸವರುತ್ತೇನೆ. ಸವರುತ್ತಲೇ ಮೂಗಿನಿಂದ ಕಣ್ಣಿಗೆ ಎಷ್ಟು ಬೆರಳು ಎಂದು ಅಳೆಯುತ್ತೇನೆ. ನಾಯಿಗೂ ನನ್ನ ಪರಿಚಯ ಆಗುತ್ತದೆ. ಪಗ್‌ಗೆ ಒಂದೆರಡು ಬೆರಳು, ಅದಕ್ಕೆ ಎಫ್ 2.8 ಧಾರಾಳ ಸಾಕು. ಲ್ಯಾಬ್ರಡಾರ್‌ಗೆ ಐದು. ಕುಶಾಲನಗರದಲ್ಲಿ ಒಬ್ಬರ ಮನೆಯಲ್ಲಿ ಮುಧೋಳ ನಾಯಿ ಇತ್ತು, ಅದರ ಮೂತಿ ಇನ್ನೂ ಉದ್ದ. ಎದುರಿನಿಂದ ತೆಗೆಯಲು ಎಫ್ 5.6 ಬೇಕಾಯಿತು. ಅದೇ ನಾಯಿ ಪಕ್ಕಕ್ಕೆ ತಿರುಗಿ ಗೇಟಿನ ಕಡೆ ನೋಡಿದಾಗ ಮೂಗು, ಕಣ್ಣು ಎರಡೂ ನನ್ನಿಂದ ಒಂದೇ ದೂರಕ್ಕೆ ಬಂದವು, ಆಗ 2.8ರಲ್ಲೇ ಎರಡೂ ಸಿಕ್ಕವು. ಇಂಥ ತೆಳು ಮುಖದ ನಾಯಿ ಪಕ್ಕದಿಂದಲೇ ಹೆಚ್ಚು ಚೆಂದ ಅನ್ನುವುದು ನನ್ನ ಅನಿಸಿಕೆ. ಎರಡು ನಾಯಿ ಇದ್ದರೆ ತಲೆಗಳನ್ನು ಒಂದೇ ಸಾಲಿಗೆ ತರಲು ನೋಡುತ್ತೇನೆ, ಆಗದಿದ್ದರೆ ಎಫ್ 8.

ಪ್ರಾಣಿಗಳ ಕಣ್ಣನ್ನು ತಾನೇ ಹುಡುಕುವ ಸೌಲಭ್ಯ 2019ರಲ್ಲಿ ಸೋನಿ ಕ್ಯಾಮೆರಾಗಳಿಗೆ ಬಂತು. ಈಗ ನನ್ನ ಹತ್ತಿರವೂ ಅಂಥದ್ದೇ ಇದೆ, ಕೆಲಸ ಎಷ್ಟೋ ಹಗುರವಾಗಿದೆ. ಆದರೆ ಕಣ್ಣಿನ ಮೇಲೆ ಕೂದಲು ಇಳಿದಿದ್ದರೆ, ಕಪ್ಪು ನಾಯಿ ನೆರಳಿನಲ್ಲಿದ್ದರೆ, ಅದೂ ಕೆಲವು ಸಲ ಹಣೆಗೋ ಮೂಗಿಗೋ ಜಾರುತ್ತದೆ. ಅದಕ್ಕೇ ನಾಲ್ಕೈದು ಫೋಟೋ ಆದ ಕೂಡಲೇ ನಿಲ್ಲಿಸಿ, ಆಂಟಿ ಬೆರಳಿಟ್ಟ ಜಾಗವನ್ನೇ ಸ್ಕ್ರೀನಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡುತ್ತೇನೆ. ಕಣ್ಣಿನ ರೆಪ್ಪೆಯ ಕೂದಲು ಒಂದೊಂದಾಗಿ ಕಂಡರೆ ಸರಿ. ಇಲ್ಲದಿದ್ದರೆ ನಾಯಿಗೆ ಇನ್ನೊಂದು ತುಂಡು ರೊಟ್ಟಿ, ನಾನು ಮತ್ತೆ ಗೋಣಿಚೀಲದ ಮೇಲೆ.