ಯಾರ ಹತ್ತಿರ ಮಾತನಾಡಲಿ?

“ಒಬ್ಬಳೇ ಹೋಗುವವಳು ಯಾರ ಹತ್ತಿರ ಮಾತನಾಡಲಿ ತಮ್ಮಾ?”

ಪಕ್ಕದ ಮನೆಯ ಸಣ್ಣತ್ತೆ ಹೀಗೆ ಕೇಳಿದ್ದು, ಕರಡಿ ಇದೆ, ಬೆಟ್ಟಕ್ಕೆ ಮಾತನಾಡುತ್ತ ಹೋಗಿ ಎಂದ ಫಾರೆಸ್ಟ್ ಗಾರ್ಡ್‌ನನ್ನು, ಮೊನ್ನೆ ಸೋಮವಾರ, ನಮ್ಮ ಕೇರಿಯ ಅಂಗಳದಲ್ಲಿ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಬೆಟ್ಟದಲ್ಲಿ ಹುತ್ತವೊಂದನ್ನು ಕರಡಿ ಬಗೆದು ಹಾಕಿತ್ತು, ಪಕ್ಕದಲ್ಲೇ ಉದ್ದುದ್ದ ಉಗುರಿನ ಗುರುತು. ಫೋಟೊ ವಾಟ್ಸಾಪ್‌ನಲ್ಲಿ ಸುತ್ತಿ ಶಿರಸಿ ಪೇಟೆ ಮುಟ್ಟುವಷ್ಟರಲ್ಲಿ ಒಂದು ಕರಡಿ ಮೂರಾಗಿತ್ತು. ಗಾರ್ಡ್ ಬಯಲುಸೀಮೆಯ ಹುಡುಗ, ಒಳ್ಳೆಯವನು. ಹೆದರಿಸಲಿಲ್ಲ, ಭಾಷಣವನ್ನೂ ಬಿಗಿಯಲಿಲ್ಲ. ಅವನು ಹೇಳಿದ್ದಿಷ್ಟು: ಕರಡಿಗೆ ಮೂಗು ಬಲು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಅದರ ಸದ್ದೇ ಅದಕ್ಕೆ ಜೋರು. ನಾವು ತೀರ ಹತ್ತಿರ ಹೋದ ಮೇಲೆ ಗೊತ್ತಾದರೆ ಗಾಬರಿಬಿದ್ದು ಏರಿ ಬರುತ್ತದೆ, ಮುಖ ತಲೆಗೇ ಬಾಯಿ ಹಾಕುತ್ತದೆ. ಓಡಿ ಗೆಲ್ಲಲಾಗದು. ಮರ ಹತ್ತಿದರೆ ಅದಕ್ಕೂ ಹತ್ತಲು ಬರುತ್ತದೆ. ಈಗಂತೂ ತಾಯಿಯ ಬೆನ್ನ ಮೇಲೆ ಮರಿಗಳಿರುವ ಕಾಲ. ಹಾಗಾಗಿ ಬಿಸಿಲು ಏರಿದ ಮೇಲೆ ಹೋಗಿ, ಕಪ್ಪಾಗುವ ಮೊದಲು ಬನ್ನಿ, ಗುಂಪಾಗಿ ಹೋಗಿ, ಮಾತನಾಡುತ್ತ ಹೋಗಿ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಕುತ್ತಿಗೆಗೆ ಕೈ ಕಟ್ಟಿಕೊಳ್ಳಿ. ಸಣ್ಣ ಗಾಯವೆಂದು ಬಿಡದೆ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ಎಲ್ಲ ಸರಿಯೇ. ಆದರೆ ಸಣ್ಣತ್ತೆಯ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು, ತರಗೆಲೆ ತರಲು ಎಕರೆಗೆ ಒಂಬತ್ತು ಎಕರೆವರೆಗೆ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಎಂದು ಬ್ರಿಟಿಷರ ಕಾಲದಲ್ಲಿ ಲೆಕ್ಕ ಹಾಕಿದಾಗ ಮನೆಯಲ್ಲಿ ಹತ್ತಿಪ್ಪತ್ತು ಜನರಿದ್ದರು. ದರಕು, ಅಂದರೆ ಒಣಗಿ ಬಿದ್ದ ತರಗೆಲೆ, ಗುಡಿಸಲು ಹೊರಟರೆ ಅದೇ ಒಂದು ಮೆರವಣಿಗೆ. ಅತ್ತೆ ಸೊಸೆಯರ ಜಗಳ ಒಂದಕ್ಕೇ ಕರಡಿ ಗುಡ್ಡ ದಾಟಿರಬೇಕು! ಈಗ ಸಣ್ಣತ್ತೆಯ ಮನೆಯಲ್ಲಿ ಅವಳು, ಒಂದು ಎಮ್ಮೆ. ಮಕ್ಕಳಿಬ್ಬರೂ ಬೆಂಗಳೂರು. ಕೂಲಿಗೆ ಜನ ಸಿಕ್ಕಿದರೆ ಅದೃಷ್ಟ. ಕರಡಿ ಹಿಂದೆಯೂ ಇತ್ತು. ಜೊತೆಗೆ ಹೋಗುವವರು ಮಾತ್ರ ಇಲ್ಲವಾದರು.

ಅವಳ ಅಳಿಯ ಫೋನಿನಲ್ಲೇ ಪರಿಹಾರ ಕೊಟ್ಟ: ಬೋನು ಇಟ್ಟು ಹಿಡಿದು ಹಂಪಿಯ ಹತ್ತಿರದ ದರೋಜಿ ಕರಡಿಧಾಮಕ್ಕೆ ಬಿಟ್ಟು ಬರಲಿ. ದೂರದಲ್ಲಿದ್ದವರಿಗೆ ಎಲ್ಲವೂ ಸುಲಭ. ಹುಲಿಯ ಹಾಗೆ ಕರಡಿಯೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ನಮ್ಮ ಇಷ್ಟದಂತೆ ಹಿಡಿಯಲು ಅದೇನು ಬೀದಿಯ ಬಸವನೇ? ಒಂದನ್ನು ಒಯ್ದರೂ ಹುತ್ತ, ಜೇನು, ನೇರಳೆ, ಬಗನಿ ಹಣ್ಣು ಇಲ್ಲೇ ಇರುತ್ತವೆ. ನಾಳೆ ಇನ್ನೊಂದು ಬರುತ್ತದೆ. ಹಾಗೆಂದು ಊಟಕ್ಕೆ ಕುಳಿತು “ಕಾಡು ಕರಡಿಯದ್ದೇ ಅಲ್ಲವೇ” ಎನ್ನುವ ನನ್ನ ಗೆಳೆಯರ ಮಾತೂ ನನಗೆ ರುಚಿಸುವುದಿಲ್ಲ. ಅವರ್ಯಾರೂ ತಲೆಯ ಮೇಲೆ ಹೊರೆ ಹೊತ್ತು ಇಳಿಜಾರಿನಲ್ಲಿ ಇಳಿದವರಲ್ಲ. ಹೊರೆಯ ಕೆಳಗಿನಿಂದ ಕಾಣುವುದು ತನ್ನ ಪಾದವಷ್ಟೇ.

ಮೊಬೈಲಿನಲ್ಲಿ ಯಕ್ಷಗಾನದ ಪದ ಹಾಕಿಕೊಂಡು ಹೋಗಬಹುದಲ್ಲ ಎಂದು ನಾನೂ ಒಂದು ಬುದ್ಧಿ ಹೇಳಿದೆ. ಸಣ್ಣತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಚೆಂಡೆ ಮದ್ದಳೆ ಬಡಿಯುತ್ತಿದ್ದರೆ ಕರಡಿ ಬಂದದ್ದು ನನಗೆ ಕೇಳಬೇಡವೇ?”

ಕಡೆಗೆ ಅವಳೇ ಮೂರು ಮನೆಗಳಿಗೆ ಹೋಗಿ ಒಪ್ಪಿಸಿದಳು. ಇನ್ನು ಎಲ್ಲರ ಬೆಟ್ಟದ ದರಕನ್ನೂ ಒಟ್ಟಾಗಿ ಗುಡಿಸುವುದು, ಒಂಬತ್ತು ಗಂಟೆಗೆ ಹೊರಡುವುದು, ಹೊರುವವರ ಮುಂದೆ ಬರಿಗೈಯವರೊಬ್ಬರು ನಡೆಯುವುದು. ಬುಧವಾರದ ಪಾಳಿಗೆ ನನ್ನ ಹೆಸರನ್ನು ಕೇಳದೆಯೇ ಸೇರಿಸಿದ್ದಾಳೆ.

“ನನಗೆ ಗುಡಿಸಲು ಬರುವುದಿಲ್ಲ ಅತ್ತೇ” ಎಂದೆ.

“ಗುಡಿಸುವುದು ಬೇಡ. ನೀನು ಸುಮ್ಮನೆ ಮಾತನಾಡುತ್ತಿರು, ಅದೊಂದು ನಿನಗೆ ಬರುತ್ತದೆ.”